ಆಟ ಆಡಿಸಿದರೂ ಹಿಂದಿನ ಸಾಲಿನ ಮಕ್ಕಳು ಸುಮ್ಮನೆ ಕೂತಿರುತ್ತಾರೆ: ಎಲ್ಲರನ್ನೂ ಪಾಠದೊಳಗೆ ತರುವುದು ಹೇಗೆ?

ಗಣಿತ ಶಿಕ್ಷಕಿ, ಹಿರಿಯ ಪ್ರಾಥಮಿಕ ಶಾಲೆ, ಚಿತ್ರದುರ್ಗ ಜಿಲ್ಲೆ (ಚರ್ಚೆ ಆರಂಭಿಸಿದವರು)

ಶಿಕ್ಷಕ ಬಂಧುಗಳೆಲ್ಲರಿಗೂ ನಮಸ್ಕಾರ. ನಾನು ಆರು ಮತ್ತು ಏಳನೆಯ ತರಗತಿಗಳಿಗೆ ಗಣಿತ ಕಲಿಸುತ್ತೇನೆ. ಆರನೆಯ ತರಗತಿಯಲ್ಲಿ 38 ಮಕ್ಕಳಿದ್ದಾರೆ. ಕಳೆದ ವರ್ಷದಿಂದ ವಾರಕ್ಕೆ ಎರಡು ಅವಧಿಗಳನ್ನು ಆಟಕ್ಕೆಂದೇ ಮೀಸಲಿಟ್ಟಿದ್ದೇನೆ. ತರಗತಿಯನ್ನು ಎರಡು ತಂಡ ಮಾಡಿ ರಸಪ್ರಶ್ನೆ ಕೇಳುತ್ತೇನೆ, ಓಡಿ ಬಂದು ಕಪ್ಪುಹಲಗೆಯ ಮೇಲೆ ಉತ್ತರ ಬರೆಯಲು ಹೇಳುತ್ತೇನೆ, ತಪ್ಪು ಹೇಳಿದವರು ಆಟದಿಂದ ಹೊರಗೆ ಕೂರುತ್ತಾರೆ. ತರಗತಿಯಲ್ಲಿ ಸದ್ದೂ ನಗುವೂ ತುಂಬಿರುವುದರಿಂದ ಮಕ್ಕಳೆಲ್ಲರೂ ಪಾಠದಲ್ಲಿ ತೊಡಗಿದ್ದಾರೆಂದೇ ನಂಬಿದ್ದೆ.

ಕಳೆದ ತಿಂಗಳು ಒಂದು ದಿನ, ಯಾರು ಯಾರು ಬಾಯಿ ಬಿಟ್ಟರೆಂದು ಹೆಸರುಗಳ ಪಟ್ಟಿಯ ಎದುರು ಗುರುತು ಹಾಕುತ್ತ ಹೋದೆ. ನಲವತ್ತು ನಿಮಿಷಗಳ ಅವಧಿಯಲ್ಲಿ ಉತ್ತರ ಹೇಳಿದವರು ಒಂಬತ್ತು ಮಕ್ಕಳು ಮಾತ್ರ. ಉಳಿದವರು ತಮ್ಮ ತಂಡ ಗೆದ್ದಾಗ ಚಪ್ಪಾಳೆ ತಟ್ಟಿದ್ದರು. ಮರುದಿನ ಎಲ್ಲರಿಗೂ ಚೀಟಿ ಕೊಟ್ಟು, 1/3 ಮತ್ತು 1/4 ಇವೆರಡರಲ್ಲಿ ಯಾವುದು ದೊಡ್ಡದು ಎಂದು ಬರೆಸಿದಾಗ 21 ಮಕ್ಕಳು 1/4 ಎಂದು ಬರೆದಿದ್ದರು. ಭಿನ್ನರಾಶಿಯ ಮೇಲೆ ಮೂರು ಆಟಗಳನ್ನು ಆಡಿಸಿದ ಮೇಲಿನ ಸ್ಥಿತಿ ಇದು. ಆ ಚೀಟಿಗಳನ್ನು ನೋಡಿ ನನಗೆ ಬಹಳ ನೋವಾಯಿತು. ಆಟವನ್ನು ಬಿಡಲು ಮನಸ್ಸಿಲ್ಲ, ಆದರೆ ಹೀಗೆಯೇ ಮುಂದುವರಿಸುವುದೂ ಸರಿಯಲ್ಲ. ನಿಮ್ಮ ತರಗತಿಗಳಲ್ಲಿ ಏನು ಮಾಡುತ್ತೀರಿ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.

ನಲಿಕಲಿ ಶಿಕ್ಷಕಿ, ಮೈಸೂರು ಜಿಲ್ಲೆ

ಮೇಡಂ, ಮೊದಲು ಆ "ಹೊರಗೆ ಕೂರುವ" ನಿಯಮವನ್ನು ತೆಗೆದುಹಾಕಿ. ಅಭ್ಯಾಸ ಯಾರಿಗೆ ಅತಿ ಹೆಚ್ಚು ಬೇಕೋ ಆ ಮಗುವೇ ಎಲ್ಲರಿಗಿಂತ ಮೊದಲು ಔಟಾಗಿ ಗೋಡೆಗೆ ಒರಗಿ ಕೂರುತ್ತದೆ, ಎಲ್ಲ ಗೊತ್ತಿರುವ ಮಗು ಕೊನೆಯವರೆಗೂ ಆಡುತ್ತದೆ. ಬಯಲಿನ ಆಟದಲ್ಲಿ ಔಟಾದವರು ಐದು ನಿಮಿಷ ಕಾದು ಮತ್ತೆ ಸೇರಿಕೊಳ್ಳುತ್ತಾರೆ, ಅದರಿಂದ ನಷ್ಟವಿಲ್ಲ. ಪಾಠದ ಆಟದಲ್ಲಿ ಹೊರಗೆ ಕೂತ ಮಗು ಆ ಪಾಠವನ್ನೇ ಕಳೆದುಕೊಳ್ಳುತ್ತದೆ.

ಕಾರ್ಡು, ಚಟುವಟಿಕೆಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿ ನನಗೆ ಕಲಿಸಿದ್ದು ಇದನ್ನೇ. 1995ರಲ್ಲಿ ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಇದು ಆರಂಭವಾಯಿತು. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಪ್ರಯೋಗವೇ ಇದಕ್ಕೆ ಮಾದರಿ. 2009–10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ಹಬ್ಬಿತು. ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು ಇರುತ್ತದೆ. ಒಂದು ಮಗು ಹತ್ತನೆಯ ಮೆಟ್ಟಿಲಿನಲ್ಲಿದ್ದರೆ ಅದರ ಪಕ್ಕದ ಮಗು ನಾಲ್ಕನೆಯದರಲ್ಲಿರಬಹುದು, ಆದರೂ ಇಬ್ಬರ ಕೈಯಲ್ಲೂ ಕಾರ್ಡು ಇರುತ್ತದೆ, ಇಬ್ಬರಿಗೂ ಆ ಹೊತ್ತಿಗೆ ಮಾಡಬೇಕಾದ ಕೆಲಸವಿರುತ್ತದೆ. ಪದ್ಧತಿಯಲ್ಲಿ ಕೊರತೆಗಳಿವೆ ಎಂಬುದನ್ನು ನಾನು ಒಪ್ಪುತ್ತೇನೆ. ಕಾರ್ಡುಗಳು ಹರಿದರೆ ಬದಲಿ ಸಿಗುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಒಬ್ಬರೇ ಐದು ಗುಂಪುಗಳನ್ನು ನೋಡಿಕೊಳ್ಳುವುದು ದಣಿವಿನ ಕೆಲಸ. ಆದರೆ ಬರಿಗೈಯಲ್ಲಿ ಕೂತ ಮಗು ನನ್ನ ತರಗತಿಯಲ್ಲಿ ಇಲ್ಲ. ನಿಮ್ಮ ಆಟವನ್ನು ಈ ಒಂದು ಅಳತೆಯಿಂದ ನೋಡಿ: ಯಾವುದೇ ಗಳಿಗೆಯಲ್ಲಿ ಆಟವನ್ನು ನಿಲ್ಲಿಸಿದರೆ, ಆ ಕ್ಷಣದಲ್ಲಿ ಎಷ್ಟು ಮಕ್ಕಳ ಕೈಯಲ್ಲಿ ಕೆಲಸವಿತ್ತು?

ಕನ್ನಡ ಭಾಷಾ ಶಿಕ್ಷಕ, ಪ್ರೌಢಶಾಲೆ, ಶಿವಮೊಗ್ಗ ಜಿಲ್ಲೆ

ಮೇಲಿನ ಗುರುಮಾತೆಯವರ ಮಾತಿಗೆ ಇನ್ನೊಂದನ್ನು ಸೇರಿಸಲು ಬಯಸುತ್ತೇನೆ. ಎಲ್ಲರ ಕೈಗೂ ಕೆಲಸ ಸಿಕ್ಕರೆ ಸಾಲದು, ಆ ಕೆಲಸ ಪಾಠದ್ದೇ ಆಗಿರಬೇಕು. ಓಡಿ ಬಂದು ಹಲಗೆಯ ಮೇಲೆ ಬರೆಯುವ ಆಟದಲ್ಲಿ ಓಟಕ್ಕೂ ಭಿನ್ನರಾಶಿಗೂ ಯಾವ ಸಂಬಂಧವೂ ಇಲ್ಲ. ಅದೇ ಓಟವನ್ನು ಸಮಾಜ ವಿಜ್ಞಾನಕ್ಕೂ ಬಳಸಬಹುದು, ವ್ಯಾಕರಣಕ್ಕೂ ಬಳಸಬಹುದು. ಯಾವ ಪಾಠಕ್ಕಾದರೂ ಹೊಂದುವ ಆಟ ಯಾವ ಪಾಠವನ್ನೂ ಕಲಿಸುವುದಿಲ್ಲ ಎಂಬುದು ನನ್ನ ಅನುಭವ. ಅದು ಗೊತ್ತಿರುವುದನ್ನು ಹೊರಗೆ ತೆಗೆಯುತ್ತದೆ, ಅಷ್ಟೇ.

ಸಂಧಿ ಪಾಠದ ಉದಾಹರಣೆ ಕೊಡುತ್ತೇನೆ. ಹಲವು ವರ್ಷ ನಾನು "ಲೋಪ, ಆಗಮ, ಆದೇಶ" ಎಂದು ಬಾಯಿಪಾಠ ಮಾಡಿಸಿ, ಪದ ಬಿಡಿಸುವ ಸ್ಪರ್ಧೆ ಇಡುತ್ತಿದ್ದೆ. ಜಾಣ ಮಕ್ಕಳು ಗೆಲ್ಲುತ್ತಿದ್ದರು. ಈಗ ಮಕ್ಕಳನ್ನೇ ಅಕ್ಷರಗಳನ್ನಾಗಿ ನಿಲ್ಲಿಸುತ್ತೇನೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡದಾಗಿ ಬರೆದ ಅಕ್ಷರಗಳನ್ನು ಎದೆಗೆ ಹಿಡಿದು "ಮಾತು" ಮತ್ತು "ಇಲ್ಲ" ಎಂಬ ಎರಡು ಸಾಲುಗಳು ಎದುರುಬದುರು ನಿಲ್ಲುತ್ತವೆ. "ತು" ಎಂಬುದನ್ನು ಇಬ್ಬರು ಮಕ್ಕಳು ಹಿಡಿದಿರುತ್ತಾರೆ, ಒಬ್ಬರು "ತ್", ಇನ್ನೊಬ್ಬರು "ಉ". ಸಾಲುಗಳು ಹತ್ತಿರ ಬಂದಾಗ "ಉ" ಹಿಡಿದ ಮಗು ತಾನಾಗಿಯೇ ಹೊರಗೆ ನಡೆಯಬೇಕು, "ತ್" ಹೋಗಿ "ಇ"ಯ ಕೈ ಹಿಡಿಯಬೇಕು. ಆಗ "ಮಾತಿಲ್ಲ" ಆಗುತ್ತದೆ. ಒಂದು ಸ್ವರ ಬಿಟ್ಟುಹೋಯಿತು ಎಂಬುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ.

"ಮನೆ" ಮತ್ತು "ಅನ್ನು" ಎದುರಾದಾಗ ಯಾರೂ ಹೊರಗೆ ಹೋಗುವುದಿಲ್ಲ, ಬದಲಿಗೆ ಬಾಗಿಲ ಬಳಿ ಕಾದು ನಿಂತ "ಯ್" ಬಂದು ನಡುವೆ ಸೇರಿಕೊಳ್ಳುತ್ತದೆ. "ಗುರು" ಮತ್ತು "ಅನ್ನು" ಎದುರಾದಾಗ "ಯ್" ಬರಬೇಕೋ "ವ್" ಬರಬೇಕೋ ಎಂದು ಬಾಗಿಲಲ್ಲಿ ನಿಂತ ಇಬ್ಬರೂ ತಾವೇ ನಿರ್ಧರಿಸಬೇಕು. ಅಲ್ಲಿ ನಡೆಯುವ ವಾದವೇ ನನ್ನ ಪಾಠದ ತಿರುಳು. ಕೊನೆಗೆ ಯಾರಾದರೊಬ್ಬರು ಎರಡನ್ನೂ ಗಟ್ಟಿಯಾಗಿ ಹೇಳಿ ನೋಡುತ್ತಾರೆ, "ಗುರುಯನ್ನು" ಎಂಬುದು ಕಿವಿಗೆ ಒಗ್ಗದೆ "ಗುರುವನ್ನು" ಎಂಬುದು ಗೆಲ್ಲುತ್ತದೆ. "ಮಳೆ" ಮತ್ತು "ಕಾಲ" ಸೇರುವಾಗ "ಕ" ಹಿಡಿದ ಮಗು ತನ್ನ ಜಾಗವನ್ನು "ಗ"ಗೆ ಬಿಟ್ಟುಕೊಡುತ್ತದೆ, "ಬೆಟ್ಟ" ಮತ್ತು "ತಾವರೆ" ಸೇರುವಾಗ "ತ" ತನ್ನ ಜಾಗವನ್ನು "ದ"ಗೆ ಕೊಡುತ್ತದೆ. ನಿಂತ ಮಕ್ಕಳಿಗಿಂತ ಕೂತ ಮಕ್ಕಳು ಹೆಚ್ಚಿರುವುದರಿಂದ, ಸಾಲುಗಳು ಕೂಡುವ ಮೊದಲೇ ಕೂತವರು ತಮ್ಮ ಪುಸ್ತಕದಲ್ಲಿ "ಯಾರು ಹೋಗುತ್ತಾರೆ, ಯಾರು ಬರುತ್ತಾರೆ" ಎಂದು ಬರೆದಿಡಬೇಕು. ಮೂರು ಪದಗಳಾದ ಮೇಲೆ ಕೂತವರು ನಿಲ್ಲುತ್ತಾರೆ.

ಇಲ್ಲಿ ಆಟದ ನಡೆಯೂ ಸಂಧಿಯ ನಡೆಯೂ ಒಂದೇ. ನಿಮ್ಮ ಭಿನ್ನರಾಶಿಗೂ ಅಂಥದ್ದೊಂದು ನಡೆಯನ್ನು ಹುಡುಕಬೇಕು, ಮೇಡಂ. ಛೇದ ದೊಡ್ಡದಾದಂತೆ ತುಂಡು ಚಿಕ್ಕದಾಗುತ್ತದೆ ಎಂಬುದು ಮಗುವಿನ ಕೈಯಲ್ಲಿಯೇ ನಡೆಯುವಂತಿರಬೇಕು.

ಗಣಿತ ಶಿಕ್ಷಕ, ಪ್ರೌಢಶಾಲೆ, ವಿಜಯಪುರ ಜಿಲ್ಲೆ

ಎಲ್ಲರ ಅನುಭವಗಳನ್ನೂ ಗೌರವದಿಂದ ಓದಿದೆ. ಆದರೆ ಹತ್ತನೆಯ ತರಗತಿಗೆ ಪಾಠ ಮಾಡುವವರ ಕಷ್ಟವನ್ನೂ ಹೇಳಲೇಬೇಕು. ಪಠ್ಯ ಮುಗಿಯಬೇಕು, ಪುನರಾವರ್ತನೆ ಆಗಬೇಕು, ಪೂರ್ವಸಿದ್ಧತಾ ಪರೀಕ್ಷೆ ನಡೆಯಬೇಕು, ಶಾಲೆಯ ಫಲಿತಾಂಶದ ಹೊಣೆಯನ್ನು ವಿಷಯ ಶಿಕ್ಷಕರೇ ಹೊರಬೇಕು. ಒಂದು ಸಂಧಿಗೆ ಇಡೀ ಅವಧಿಯನ್ನು ಕೊಡುವ ಸ್ವಾತಂತ್ರ್ಯ ನನಗಿಲ್ಲ. ಆಟದಲ್ಲಿ ಕಳೆದ ಅವಧಿಯನ್ನು ನಾನು ಎಲ್ಲಿಂದ ತುಂಬಿಕೊಳ್ಳಲಿ? ಈ ಪ್ರಶ್ನೆಗೆ ಯಾರಾದರೂ ನೇರವಾಗಿ ಉತ್ತರಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಉಪನ್ಯಾಸಕ, ಶಿಕ್ಷಕರ ತರಬೇತಿ

ವಿಜಯಪುರದ ಗುರುಗಳ ಪ್ರಶ್ನೆ ನ್ಯಾಯವಾದದ್ದು. ಇಡೀ ಅವಧಿಯ ಆಟ ಪ್ರತಿ ಪಾಠಕ್ಕೂ ಬೇಕಿಲ್ಲ. ಐದು ನಿಮಿಷದ ಆಟ ಪುನರಾವರ್ತನೆಯ ಅವಧಿಯನ್ನು ಉಳಿಸಿಕೊಡಬಲ್ಲದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಆಧಾರ. ಒಂದು ಗದ್ಯಭಾಗವನ್ನು ಓದಿದ ವಿದ್ಯಾರ್ಥಿಗಳಲ್ಲಿ ಕೆಲವರು ಅದನ್ನೇ ಮತ್ತೆ ಓದಿದರು, ಇನ್ನು ಕೆಲವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಆದ್ದರಿಂದ ಅವಧಿಯ ಮೊದಲ ಐದು ನಿಮಿಷದಲ್ಲಿ ಹಿಂದಿನ ವಾರದ ಪಾಠದಿಂದ ಮೂರು ಪ್ರಶ್ನೆಗಳನ್ನು ಕೇಳಿ, ಪುಸ್ತಕ ಮುಚ್ಚಿಸಿ ಎಲ್ಲರಿಂದಲೂ ಬರೆಸುವುದು ಪಠ್ಯದಿಂದ ಕದ್ದ ಸಮಯವಲ್ಲ.

"ಎಲ್ಲರಿಂದಲೂ" ಎಂಬ ಪದವನ್ನು ಒತ್ತಿ ಹೇಳುತ್ತೇನೆ. ಇದಕ್ಕೆ ಸ್ಲೇಟಿಗಿಂತ ಉತ್ತಮ ಸಾಧನವನ್ನು ನಾನು ಕಂಡಿಲ್ಲ. ಪ್ರಶ್ನೆ ಕೇಳಿ, ಎಲ್ಲರೂ ಬರೆದು ಸ್ಲೇಟನ್ನು ಬೋರಲಾಗಿ ಇಟ್ಟುಕೊಳ್ಳಲಿ, ಒಂದು ಚಪ್ಪಾಳೆಗೆ ಎಲ್ಲರೂ ಒಟ್ಟಿಗೆ ಎತ್ತಲಿ. 38 ಉತ್ತರಗಳು ಒಂದೇ ನೋಟಕ್ಕೆ ಸಿಗುತ್ತವೆ. ಯಾರೂ ಯಾರದನ್ನೂ ನೋಡಿ ಬರೆಯಲಾಗುವುದಿಲ್ಲ, ತಪ್ಪು ಬರೆದ ಮಗುವೂ ಒಂಟಿಯಾಗಿ ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನೂ ಅಭ್ಯಾಸ ಮಾಡಿಕೊಳ್ಳಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ನೋಡಿದಾಗ, ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ಮೂರು ಸೆಕೆಂಡು ಕೇಳಲು ಸಣ್ಣದು, ತರಗತಿಯಲ್ಲಿ ನಿಂತವರಿಗೆ ಬಹಳ ದೊಡ್ಡದು. ನಾನು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಿದ್ದೆ.

ಸ್ಲೇಟುಗಳಲ್ಲಿ ಉತ್ತರ ಇಬ್ಭಾಗವಾಗಿದ್ದರೆ ಸರಿಯುತ್ತರವನ್ನು ತಕ್ಷಣ ಹೇಳಬೇಡಿ. ಬೇರೆ ಉತ್ತರ ಬರೆದ ಪಕ್ಕದವರನ್ನು ಒಪ್ಪಿಸಲು ಎರಡು ನಿಮಿಷ ಕೊಟ್ಟು, ಮತ್ತೆ ಬರೆಸಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ತಮ್ಮ ತರಗತಿಯಲ್ಲಿ ರೂಢಿಸಿದ ಕ್ರಮ ಇದೇ. ಈಗಷ್ಟೇ ಅರ್ಥ ಮಾಡಿಕೊಂಡ ಗೆಳೆಯನಿಗೆ ಇನ್ನೊಬ್ಬನ ತೊಡಕು ಎಲ್ಲಿದೆಯೆಂದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಗಣಿತ ಶಿಕ್ಷಕಿ, ಪ್ರೌಢಶಾಲೆ, ದಕ್ಷಿಣ ಕನ್ನಡ ಜಿಲ್ಲೆ

ವಿಜಯಪುರದ ಸರ್ ಅವರಿಗೆ ಹತ್ತನೆಯ ತರಗತಿಯದೇ ಒಂದು ಉದಾಹರಣೆ ಕೊಡುತ್ತೇನೆ. ಸಂಭವನೀಯತೆಯ ಪಾಠವನ್ನು ನಾನು ಚೌಕಾಬಾರದಿಂದ ಆರಂಭಿಸುತ್ತೇನೆ. ನಾಲ್ಕು ಕವಡೆ ಸಿಗದಿದ್ದರೆ ಒಂದು ಬದಿಯನ್ನು ತೇಯ್ದು ಬೆಳ್ಳಗೆ ಮಾಡಿದ ನಾಲ್ಕು ಹುಣಸೆಬೀಜಗಳು ಸಾಕು. ಒಂದು ಬೀಜ ಬೆಳ್ಳಗೆ ಬಿದ್ದರೆ ಒಂದು, ಎರಡು ಬಿದ್ದರೆ ಎರಡು, ಮೂರು ಬಿದ್ದರೆ ಮೂರು, ನಾಲ್ಕೂ ಬೆಳ್ಳಗಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಚೌಕ ಅಥವಾ ಬಾರ ಬಿದ್ದವರಿಗೆ ಮತ್ತೊಮ್ಮೆ ಹಾಕುವ ಅವಕಾಶ. ಯಾಕೆ ಅವೆರಡಕ್ಕೆ ಮಾತ್ರ ಆ ಮರ್ಯಾದೆ ಎಂಬುದೇ ನನ್ನ ಮೊದಲ ಪ್ರಶ್ನೆ.

"ಅವು ಬೀಳುವುದು ಕಷ್ಟ, ಟೀಚರ್" ಎಂದು ಮನೆಯಲ್ಲಿ ಆಡಿದ ಮಕ್ಕಳು ತಕ್ಷಣ ಹೇಳುತ್ತಾರೆ. ಎಷ್ಟು ಕಷ್ಟ ಎಂದು ಕೇಳಿ, ನಾಲ್ವರ ಒಂದೊಂದು ಗುಂಪಿಗೆ 32 ಸಲ ಬೀಜ ಹಾಕಿ ಗೆರೆ ಎಳೆದು ಲೆಕ್ಕ ಇಡಲು ಹೇಳುತ್ತೇನೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಹೆಚ್ಚಿನ ಗುಂಪುಗಳಲ್ಲಿ "ಎರಡು" ಮುಂದೆ ನಿಂತಿರುತ್ತದೆ. ಆಮೇಲೆ ನಾಲ್ಕು ಬೀಜಗಳಿಗೆ ಹೆಸರಿಟ್ಟು ಸಾಧ್ಯತೆಗಳನ್ನು ಬರೆಸಿದರೆ ಒಟ್ಟು 16 ಬಗೆ. ಒಂದು ಬೀಳುವುದಕ್ಕೆ 4 ದಾರಿ, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ 1, ಬಾರಕ್ಕೆ 1. ಆಟ ಕಟ್ಟಿದ ಹಿರಿಯರು ಮರುಅವಕಾಶವನ್ನು ಎಲ್ಲಿ ಇಟ್ಟಿದ್ದಾರೆಂದು ಮಕ್ಕಳಿಗೆ ಆಗ ಕಾಣುತ್ತದೆ, ಅವರ ಮುಖ ಅರಳುವುದನ್ನು ನೋಡುವುದೇ ನನಗೆ ಸಂತೋಷ. ಯಾವುದಾದರೂ ಗುಂಪಿನ ಎಣಿಕೆ ಈ ಲೆಕ್ಕಕ್ಕೆ ಹೊಂದದಿದ್ದರೆ ಇನ್ನೂ ಒಳ್ಳೆಯದು. ಬೀಜದ ಎರಡು ಬದಿಗಳೂ ಸಮಾನವಾಗಿ ಬೀಳುತ್ತವೆಯೇ, 32 ಸಲ ಸಾಕೇ ಎಂಬ ಚರ್ಚೆ ತಾನಾಗಿ ಏಳುತ್ತದೆ. ಪ್ರಾಯೋಗಿಕ ಸಂಭವನೀಯತೆಗೂ ಸೈದ್ಧಾಂತಿಕ ಸಂಭವನೀಯತೆಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ದಾರಿ ನನಗೆ ತಿಳಿದಿಲ್ಲ.

ನಮ್ಮ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಚೆನ್ನೆಮಣೆ ಹೊರಬರುತ್ತದೆ, ಗುಳಿಯಿಂದ ಗುಳಿಗೆ ಕಾಯಿ ಹಂಚುತ್ತ ಹೋಗುವ ಆಟ ಅದು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ನಮ್ಮ ಶಾಲೆಯಲ್ಲಿದ್ದಾಗ ಅವಳು ಬೆರಳಿನಿಂದ ಗುಳಿಗಳನ್ನು ಮುಟ್ಟಿ, ಯಾವ ಗುಳಿಯಿಂದ ಹೊರಟರೆ ಎಲ್ಲಿ ಮುಗಿಯುತ್ತದೆಂದು ಲೆಕ್ಕ ಹಾಕಿ, ಎಲ್ಲರನ್ನೂ ಸೋಲಿಸುತ್ತಿದ್ದಳು. ಆಟವನ್ನು ಆರಿಸುವಾಗ ತರಗತಿಯ ಪ್ರತಿ ಮಗುವೂ ಅದನ್ನು ಆಡಬಲ್ಲದೇ ಎಂದು ಯೋಚಿಸುವುದನ್ನು ನಾನು ಅವಳಿಂದ ಕಲಿತೆ.

ವಿಜ್ಞಾನ ಶಿಕ್ಷಕ, ಖಾಸಗಿ ಶಾಲೆ, ಬೆಂಗಳೂರು

ನಮ್ಮಲ್ಲಿ ಸ್ಮಾರ್ಟ್ ಬೋರ್ಡು, ಟ್ಯಾಬ್ ಎಲ್ಲ ಇವೆ. ಆದರೂ ಮೇಡಂ ಹೇಳಿದ ಸಮಸ್ಯೆ ಇಲ್ಲಿಯೂ ಇದೆ. ಕಹೂತ್‌ನಂಥ ರಸಪ್ರಶ್ನೆಯ ಆ್ಯಪ್‌ನಲ್ಲಿ ಬೇಗ ಒತ್ತಿದವರಿಗೆ ಹೆಚ್ಚು ಅಂಕ ಸಿಗುತ್ತದೆ, ಆದ್ದರಿಂದ ಪ್ರಶ್ನೆಯನ್ನು ಪೂರ್ತಿ ಓದದೆಯೇ ಒತ್ತುವ ಮಕ್ಕಳು ಹೆಚ್ಚಾದರು. ಸಮಯದ ಮಿತಿಯನ್ನು ಹಿಗ್ಗಿಸಿ, ವೇಗಕ್ಕೆ ಅಂಕ ಕೊಡುವುದನ್ನು ಬಿಟ್ಟ ಮೇಲೆ ಉತ್ತರಗಳ ಗುಣ ಸುಧಾರಿಸಿತು. ಮಕ್ಕಳ ಕೈಯಲ್ಲಿ ಸಾಧನವಿಲ್ಲದ ಶಾಲೆಗಳಿಗೆ ಪ್ಲಿಕರ್ಸ್ ಅನುಕೂಲ. ಪ್ರತಿ ಮಗುವಿಗೂ ಒಂದು ಮುದ್ರಿತ ಕಾರ್ಡು ಇರುತ್ತದೆ, ಅದನ್ನು ಯಾವ ಬದಿ ಮೇಲಾಗಿ ಹಿಡಿಯುತ್ತಾರೆ ಎಂಬುದೇ ಉತ್ತರ, ಶಿಕ್ಷಕರ ಒಂದು ಫೋನಿನ ಕ್ಯಾಮೆರಾ ಎಲ್ಲವನ್ನೂ ಓದಿಕೊಳ್ಳುತ್ತದೆ. ಆದರೆ ಸ್ಲೇಟಿನಲ್ಲಿ ಮಗು ಹೇಗೆ ತಪ್ಪಿತು ಎಂಬುದು ಕಾಣುತ್ತದೆ, ಕಾರ್ಡಿನಲ್ಲಿ ತಪ್ಪಿತು ಎಂಬುದು ಮಾತ್ರ ಕಾಣುತ್ತದೆ.

ಬಹುಮಾನದ ಬಗ್ಗೆಯೂ ಒಂದು ಮಾತು. ಗೆದ್ದವರಿಗೆ ಪೆನ್ನು, ಚಾಕೊಲೇಟು ಕೊಡುವುದನ್ನು ನಾನು ನಿಲ್ಲಿಸಿದ್ದೇನೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಸಂಶೋಧಕರು ಶಿಶುವಿಹಾರದ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡ ಮಕ್ಕಳು, ಮುಂದಿನ ದಿನಗಳಲ್ಲಿ ಬಹುಮಾನದ ಮಾತೇ ಇಲ್ಲದಿದ್ದಾಗ ಆ ಬಣ್ಣದ ಪೆನ್ನುಗಳ ಕಡೆಗೆ ಇತರರಿಗಿಂತ ಕಡಿಮೆ ಹೋದರು. ಅವರೆಲ್ಲ ಮೊದಲು ಇಷ್ಟಪಟ್ಟು ಚಿತ್ರ ಬಿಡಿಸುತ್ತಿದ್ದ ಮಕ್ಕಳೇ.

ಏಕೋಪಾಧ್ಯಾಯ ಶಾಲೆಯ ಶಿಕ್ಷಕ, ಕಲಬುರಗಿ ಜಿಲ್ಲೆ

ನನ್ನದು ಐದು ತರಗತಿ, 23 ಮಕ್ಕಳು, ಒಬ್ಬನೇ ಶಿಕ್ಷಕ. ನಾನು ಒಂದು ಗುಂಪಿನೊಂದಿಗೆ ಕೂತಾಗ ಉಳಿದವರ ಆಟವನ್ನು ಮಕ್ಕಳೇ ನಡೆಸಬೇಕು. ಹೊಸ ಆಟವನ್ನು ಸೋಮವಾರ ಎಲ್ಲರಿಗೂ ಒಟ್ಟಿಗೆ ಕಲಿಸುತ್ತೇನೆ, ಉಳಿದ ದಿನ ಅದೇ ಆಟ ನಡೆಯುತ್ತದೆ, ಪ್ರಶ್ನೆಗಳು ಮಾತ್ರ ಬದಲಾಗುತ್ತವೆ. ದಿನಕ್ಕೊಂದು ಆಟ ತಂದರೆ ನಿಯಮ ಹೇಳುವುದರಲ್ಲೇ ಹೊತ್ತು ಹೋಗುತ್ತದೆ. ವರ್ಷಕ್ಕೆ ಏಳೆಂಟು ಆಟಗಳು ಸಾಕೆಂದು ನನಗನ್ನಿಸುತ್ತದೆ. ಗದ್ದಲ ಏರಿದಾಗ ನಾನು ಕೂಗುವುದಿಲ್ಲ, "ಕೆರೆ" ಎಂದು ಮೆಲ್ಲಗೆ ಹೇಳುತ್ತೇನೆ, ಮಕ್ಕಳು ಕೆರೆ–ದಡ ಆಟದಂತೆ "ದಡ" ಎಂದು ಹೇಳಿ ಕೈ ಕಟ್ಟುತ್ತಾರೆ.

ಶನಿವಾರದ ಕನ್ನಡ ತರಗತಿಯ ಸ್ವಯಂಸೇವಕಿ, ನ್ಯೂಜೆರ್ಸಿ

ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಒಬ್ಬರ ಕೈಯಲ್ಲಿರುವ ಚಿತ್ರವನ್ನು ಇನ್ನೊಬ್ಬರು ಕೇಳಿಸಿಕೊಂಡು ಬಿಡಿಸುವ ಆಟ ನಮಗೆ ಬಹಳ ಸಹಾಯ ಮಾಡಿದೆ. "ಮನೆಯ ಎಡಗಡೆ ಮರ, ಮರದ ಕೆಳಗೆ ನಾಯಿ" ಎಂದು ಹೇಳದೆ ಆಟ ಮುಂದಕ್ಕೆ ಹೋಗುವುದೇ ಇಲ್ಲ. ಶಿವಮೊಗ್ಗದ ಗುರುಗಳು ಹೇಳಿದ "ಆಟದ ನಡೆಯೇ ಪಾಠದ ನಡೆ" ಎಂಬ ಮಾತು ಓದಿದಾಗ ಈ ಆಟ ಯಾಕೆ ಫಲ ಕೊಡುತ್ತಿದೆ ಎಂದು ತಿಳಿಯಿತು.

ಗಣಿತ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ (ಚರ್ಚೆ ಆರಂಭಿಸಿದವರು)

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ನೀವು ಹೇಳಿದ್ದನ್ನೆಲ್ಲ ಒಟ್ಟಿಗೆ ಮಾಡಲಾಗಲಿಲ್ಲ. ಮೊದಲ ವಾರ "ಹೊರಗೆ ಕೂರುವುದು" ನಿಂತಿತು, ಸ್ಲೇಟು ಬಂತು. ಮೊದಲ ದಿನ ಸ್ಲೇಟು ಎತ್ತುವಾಗ ಹಿಂದಿನ ಸಾಲಿನ ಕೆಲವರು ಖಾಲಿ ಸ್ಲೇಟು ಎತ್ತಿದರು. ನಾನು ಏನೂ ಹೇಳದೆ, ಗೊತ್ತಿಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಬರೆಯಿರಿ ಎಂದೆ. ಆ ಚಿಹ್ನೆಗಳು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿವೆ.

ಎರಡನೆಯ ವಾರ ಭಿನ್ನರಾಶಿಗೆ ದಿನಪತ್ರಿಕೆಯನ್ನು ಒಂದೇ ಉದ್ದದ ಪಟ್ಟಿಗಳಾಗಿ ಕತ್ತರಿಸಿ ಎಲ್ಲರಿಗೂ ಹಂಚಿದೆ. ಎರಡು ಸಮಭಾಗ, ನಾಲ್ಕು ಸಮಭಾಗ, ಎಂಟು ಸಮಭಾಗ ಮಡಿಸುವುದು ಸುಲಭವಾಯಿತು. ಮೂರು ಸಮಭಾಗ ಮಡಿಸಲು ತರಗತಿಯೇ ತಿಣುಕಿತು. ಆಗ ಯಾವತ್ತೂ ಮಾತನಾಡದ ಹುಡುಗಿಯೊಬ್ಬಳು, ಅಮ್ಮ ಸೀರೆ ಮಡಿಸುವಾಗ ಮಾಡುವಂತೆ ಒಂದು ತುದಿಯನ್ನು ಒಳಗೆ, ಇನ್ನೊಂದನ್ನು ಅದರ ಮೇಲೆ ತಂದು, ಅಂಚುಗಳು ಕೂಡುವವರೆಗೆ ಜರುಗಿಸಿ ತೋರಿಸಿದಳು. ಎಲ್ಲರೂ ಅವಳ ಬಳಿ ಹೋಗಿ ಕಲಿತರು. ಆಮೇಲೆ ಅಂಗಳದಲ್ಲಿ ಹಗ್ಗ ಕಟ್ಟಿ, ಒಂದು ತುದಿಗೆ 0, ಇನ್ನೊಂದು ತುದಿಗೆ 1 ಇಟ್ಟು, 1/2, 1/3, 1/4, 2/3, 3/4 ಕಾರ್ಡು ಹಿಡಿದ ಮಕ್ಕಳು ತಮ್ಮ ಜಾಗ ಹುಡುಕಿಕೊಂಡರು. 1/4 ಹಿಡಿದ ಹುಡುಗ 1/3ರ ಬಲಕ್ಕೆ ನಿಂತಾಗ ತರಗತಿಯಲ್ಲಿ ವಾದ ಎದ್ದಿತು. ನಾನು ಬಾಯಿ ಹಾಕಲಿಲ್ಲ. ಅವನು ತನ್ನ ಜೇಬಿನಿಂದ ಮಡಿಸಿದ ಪಟ್ಟಿ ತೆಗೆದು ಹಗ್ಗಕ್ಕೆ ಹಿಡಿದು ನೋಡಿ, "ಜಾಸ್ತಿ ಮಡಿಸಿದಷ್ಟೂ ಚೂರು ಸಣ್ಣದಾಗುತ್ತದೆ" ಎಂದು ಹೇಳಿ ಎಡಕ್ಕೆ ಸರಿದ.

ನಿನ್ನೆ ಅದೇ ಪ್ರಶ್ನೆಯ ಚೀಟಿಯನ್ನು ಮತ್ತೆ ಕೊಟ್ಟೆ. ತಪ್ಪು ಬರೆದವರು ಆರು ಮಂದಿ. ಅವರಲ್ಲಿ ನಾಲ್ವರು ಹಗ್ಗದ ಆಟದ ದಿನ ಶಾಲೆಗೆ ಬಂದಿರಲಿಲ್ಲ. ಬರದಿದ್ದ ಮಕ್ಕಳಿಗೆ ಆಟವನ್ನು ಮತ್ತೆ ಹೇಗೆ ತಲುಪಿಸಬೇಕು ಎಂಬುದು ಈಗಿನ ನನ್ನ ಪ್ರಶ್ನೆ. ಇಡೀ ತರಗತಿಗೆ ಇನ್ನೊಮ್ಮೆ ಆಡಿಸಿದರೆ ಉಳಿದವರಿಗೆ ಬೇಸರವಾಗುತ್ತದೆ.

ಏಕೋಪಾಧ್ಯಾಯ ಶಾಲೆಯ ಶಿಕ್ಷಕ, ಕಲಬುರಗಿ ಜಿಲ್ಲೆ

ಮೇಡಂ, ಸುಗ್ಗಿಯ ಕಾಲದಲ್ಲಿ ನಮ್ಮಲ್ಲಿ ಇದು ಪ್ರತಿದಿನದ ಮಾತು. ಆ ನಾಲ್ವರಿಗೆ ಪಟ್ಟಿ ಮಡಿಸಲು ಕಲಿಸುವ ಕೆಲಸವನ್ನು ಸೀರೆ ಮಡಿಕೆ ತೋರಿಸಿದ ಆ ಹುಡುಗಿಗೂ ಹಗ್ಗದ ಬಳಿ ಜಾಗ ಬದಲಿಸಿದ ಆ ಹುಡುಗನಿಗೂ ಒಪ್ಪಿಸಿ. ಬಿಸಿಯೂಟದ ನಂತರದ ಹದಿನೈದು ನಿಮಿಷ ಸಾಕು. ಹಗ್ಗವನ್ನು ಅಂಗಳದಲ್ಲೇ ಕಟ್ಟಿರಲಿ, ಬಿಚ್ಚಬೇಡಿ.